ಬಳೆ ಒಡೆಯದಂತೆ ಅವ್ವ ಕಟ್ಟಿದ ಪಾರ್ಸೆಲ್

ಕೇಳಿ ಗೆಳೆಯರೇ, ಇವತ್ತು ಆಳಂದದ ಅಂಚೆ ಕಚೇರಿಯಲ್ಲಿ ನಮ್ಮವ್ವ ಗುಮಾಸ್ತರ ಬಾಯಿ ಮುಚ್ಚಿಸಿದಳು. ಪುಣೆಯಲ್ಲಿರುವ ಅಕ್ಕನಿಗೆ ಒಂದು ಡಜನ್ ಗಾಜಿನ ಬಳೆ ಕಳಿಸಬೇಕಿತ್ತು. ಬಿಳಿ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ಲನ್ನು ತೂಕಕ್ಕಿಟ್ಟರೆ ಮೂರು ಕಿಲೋ!

"ಏನದರಿ ಇದರಾಗ? ಕಲ್ಲೇನು?" ಎಂದರು ಗುಮಾಸ್ತರು.

"ಬಳಿ ಅವರಿ. ಒಡೀಬಾರ್ದಂತ ಸುತ್ತ ತೊಗರಿ ಬ್ಯಾಳಿ ತುಂಬೀನಿ."

"ರದ್ದಿ ಪೇಪರ್ ತುಂಬಿದ್ರ ಸಾಕಿತ್ತಲ್ರಿ ಅವ್ವಾರ!"

"ರದ್ದಿ ಆದ್ರ ಆಕಿ ಕಸದಾಗ ಒಗೀತಾಳ್ರಿ. ಬ್ಯಾಳಿ ಆದ್ರ ಕುದಿಸಿ ಉಣ್ತಾಳ."

ಗುಮಾಸ್ತರು ಮೊಹರು ಒತ್ತಿದರು.

"ಇಲ್ಲಿ ಎಲ್ಲಾ ಸಿಗ್ತದ, ಇನ್ನ ಬ್ಯಾಳಿ ಕಳಿಸಬ್ಯಾಡ್ರಿ" ಎಂದು ಭಾವ ಹೋದ ವಾರವಷ್ಟೇ ಕಾಗದ ಬರೆದಿದ್ದರು. ಅಳಿಯನ ಮಾತನ್ನು ಅವ್ವ ಮೀರಿಲ್ಲ. ಅವಳು ಕಳಿಸಿದ್ದು ಬಳೆ.