ಖಾಲಿ ಬಂದ ಮದುವೆ ರೀಲು

ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುವವರು. ಮನೆಗೆ ಬಂದರೂ ಅದೇ ಚಾಳಿ. ರಜೆಯ ದಿನ ಬಚ್ಚಲುಮನೆ ಕಿಟಕಿಗೆ ಕಂಬಳಿ ಬಡಿದು, ಕಪ್ಪು-ಬಿಳುಪು ಫಿಲ್ಮ್ ತೊಳೆಯಲು ಒಳಗೆ ಸೇರಿಕೊಂಡರೆ ಮುಗಿಯಿತು, ನಾವೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯಬೇಕು. ಗೆಳೆಯರೂ ತಮ್ಮ ಕೆಟ್ಟ ಫಿಲ್ಮ್ ಹಿಡಿದು ಬರುತ್ತಿದ್ದರು. ಇವರು ಬೆಳಕಿಗೆ ಹಿಡಿದು ತೀರ್ಪು ಕೊಡುವರು.

"ತೊಳೆಯೋವಾಗ ಡಬ್ಬಿ ಅಲ್ಲಾಡಿಸಿಲ್ಲ ನೀನು, ಅದಕ್ಕೇ ಗುಳ್ಳೆ ಕಲೆ. ಇದು ಪೂರಾ ಖಾಲಿನಾ? ಅಂಚಲ್ಲಿ ಕಂಪನಿಯವರೇ ಹಾಕಿರೋ ಅಂಕಿ ಮೂಡಿದ್ರೆ ತಪ್ಪು ಕ್ಯಾಮೆರಾ ಹಿಡಿದವನದು. ಅಂಕಿನೂ ಇಲ್ವಾ, ತೊಳೆದವನದು."

ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಇವರ ಅಕ್ಕ ಐವತ್ತು ದಾಟಿದ ಮೇಲೆ ಮದುವೆಯಾದರು. ಇಬ್ಬರು ತಮ್ಮಂದಿರನ್ನು ದಡ ಸೇರಿಸುವುದರಲ್ಲೇ ವಯಸ್ಸು ಕಳೆದ ಹೆಂಗಸು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಅಷ್ಟೇ. ಇವರು ಸಾಕ್ಷಿಯಾಗಿ ನಿಂತದ್ದರಿಂದ ಕ್ಯಾಮೆರಾ ಹಿಡಿದವನು ನನ್ನ ಮೈದುನ. ಗಡಿಯಾರ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ, ಪುಕ್ಕಲು. ಫೋನಿನಲ್ಲಿ ಫೋಟೋ ತೆಗೆಯುವ ಕಾಲ ಅದಲ್ಲ.

"ನನ್ನದು ಅಂತ ಒಂದು ಒಳ್ಳೆ ಫೋಟೋ ಇಲ್ಲ ಕಣೋ, ಚೆನ್ನಾಗಿ ತೆಗಿ," ಎಂದಿದ್ದರು ಅಕ್ಕ.

ಮರುದಿನ ಇವರು ಬಚ್ಚಲಿಂದ ಸಿಡಿಮಿಡಿಗುಟ್ಟುತ್ತಾ ಬಂದರು. "ಏನೂ ಇಲ್ಲ! ಆ ದಡ್ಡ ರೀಲನ್ನೇ ಸರಿಯಾಗಿ ಸಿಕ್ಕಿಸಿಲ್ಲ." ಅದೇ ಬಿರುಸಿನಲ್ಲಿ ಅಕ್ಕನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟರು. ಆಮೇಲೆ ನಾನು ದಾರಕ್ಕೆ ನೇತುಹಾಕಿದ್ದ ಫಿಲ್ಮ್ ನೋಡಿದೆ.

"ರೀ, ಅಂಚಲ್ಲಿ ಅಂಕಿ ಎಲ್ರೀ?"

ಇವರ ಮುಖದ ಕಳೆಯೇ ಇಳಿದುಹೋಯಿತು. ಎರಡು ದ್ರಾವಣ, ಒಂದು ಚಿತ್ರ ಮೂಡಿಸಲು, ಇನ್ನೊಂದು ಮೂಡದೆ ಉಳಿದ ಮದ್ದನ್ನು ಕರಗಿಸಿ ತೆಗೆಯಲು; ಎರಡೂ ಒಂದೇ ಥರದ ಬಾಟಲಿ. ಹೆಸರು ಬರೆದದ್ದು ಮುಚ್ಚಳದ ಮೇಲೆ! ಮುಚ್ಚಳ ತೊಳೆದು ಹಾಕುವಾಗ ಅದಲು ಬದಲಾಗಿದೆ. ಚಿತ್ರ ಮೂಡಿಸುವುದಕ್ಕೆ ಮೊದಲೇ ಕರಗಿಸುವುದನ್ನು ಸುರಿದಿದ್ದಾರೆ, ಅಂಕಿ ಸಮೇತ ಎಲ್ಲಾ ಹೋಗಿದೆ. ಫಿಲ್ಮನ್ನು ಮುದುರಿ ಬೀದಿಯ ಕಸದ ತೊಟ್ಟಿಗೆ ಎಸೆದು ಬಂದರು.

"ಅಕ್ಕನಿಗೆ ಹೇಳಿಬಿಡಿ," ಎಂದೆ.

"ಹೇಳ್ತೀನಿ ಕಣೇ, ಸ್ವಲ್ಪ ತಡಿ."

ತಡೆದದ್ದೇ ತಡೆದದ್ದು. ಅಷ್ಟರಲ್ಲಿ ನೆಂಟರೆಲ್ಲ ಮೈದುನನಿಗೆ 'ಖಾಲಿ ರೀಲು' ಎಂದು ಹೆಸರಿಟ್ಟಾಗಿತ್ತು. ಅವನು ಹಲ್ಲು ಕಿರಿಯುತ್ತಿದ್ದ, ಆದರೆ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟ. ಅದು ಗೊತ್ತಾದ ಮೇಲೆ ಇವರಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ಕೊನೆಗೆ ಒಂದು ಭಾನುವಾರ ಮೈದುನನನ್ನು ಬಲವಂತವಾಗಿ ಹೊರಡಿಸಿ, ಕ್ಯಾಮೆರಾ ಸಮೇತ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಭಾವ, ಅವರ ಕಡೆಯವರು, ಎಲ್ಲರೂ ಇದ್ದರು.

"ಅಕ್ಕಾ, ಇವನ ತಪ್ಪಲ್ಲ. ಬಾಟ್ಲಿ ಅದಲು ಬದಲು ಮಾಡಿ ಫಿಲ್ಮ್ ಹಾಳು ಮಾಡಿದ್ದು ನಾನು."

ಅಕ್ಕನ ಕಣ್ಣು ತುಂಬಿ ಬಂತು. "ನೋಡಿದ್ರಾ! ತಮ್ಮನ ಮಾನ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಳ್ತಿದ್ದಾನೆ."

"ಅಯ್ಯೋ, ನಿಜವಾಗ್ಲೂ ಅಕ್ಕಾ..."

"ಸಾಕು ಸುಮ್ನಿರೋ. ನಿನ್ನ ಕೈಯಲ್ಲಿ ತಪ್ಪಾಗುತ್ತಾ?"

ನನಗೆ ತಡೆಯಲಾಗಲಿಲ್ಲ. "ನಾನೇ ಕಣ್ಣಾರೆ ನೋಡಿದೀನಿ!" ಎಂದೆ.

"ನೀನೂ ಗಂಡನಿಗೆ ತಾಳ ಹಾಕು," ಎಂದು ಭಾವ ನಕ್ಕರು. ಎಲ್ಲರೂ ಇವರ ದೊಡ್ಡ ಮನಸ್ಸನ್ನು ಹೊಗಳಿದ್ದೇ ಹೊಗಳಿದ್ದು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇವರಂತೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಊಟವಾದ ಮೇಲೆ ಅಕ್ಕ, ಭಾವನನ್ನು ಕುರ್ಚಿಯಲ್ಲಿ ಕೂರಿಸಿದೆವು. ಮೈದುನ ಹೊಸ ರೀಲು ಹಿಡಿದು ಇವರ ಬಳಿ ಬಂದ.

"ಅಣ್ಣಾ, ಈ ಸಲನಾದ್ರೂ ತಪ್ಪಾಗಬಾರದು. ಪಕ್ಕದಲ್ಲೇ ಇದ್ದು ನೋಡ್ತಿರು."

ಗಡಿಯಾರ ರಿಪೇರಿಯಲ್ಲಿ ಪಳಗಿದ ಕೈ ಅದು. ಫಿಲ್ಮಿನ ತುದಿ ಸಿಕ್ಕಿಸಿ, ಬಿಗಿ ಮಾಡಿ, ಮುಚ್ಚಳ ಹಾಕಿದ. ಒಂದೇ ಸಲಕ್ಕೆ ಕೂತಿತು.

"ಸರಿ ಇದ್ಯಾ ಅಣ್ಣಾ?"

"ಸರಿ ಇದೆ. ಅವತ್ತೂ ಸರಿ ಇತ್ತು ಕಣೋ."

ಮೈದುನ ಇವರ ಕೈ ಒತ್ತಿ ಹಿಡಿದ. "ಬಿಡಣ್ಣಾ, ನನ್ನ ಸಮಾಧಾನಕ್ಕೆ ಇನ್ನೆಷ್ಟು ಸುಳ್ಳು ಹೇಳ್ತೀಯ."