ಕುಂಬಳಕಾಯಿ ಕೊಡದ ದಿನ

ಸಿನಿಮಾದಲ್ಲಿ ನಾಯಕನ ಎದೆಗೆ ಗುಂಡು ಬೀಳುತ್ತದೆ. ಅಂಗಿ ಹರಿದು ರಕ್ತ ಚಿಮ್ಮುತ್ತದೆ, ನಾವು ಶಿಳ್ಳೆ ಹೊಡೆಯುತ್ತೇವೆ. ಆ ಅಂಗಿಯೊಳಗೆ ಕಾಳಿನಷ್ಟು ಸಿಡಿಮದ್ದು, ಅದರ ಮೇಲೊಂದು ಬಣ್ಣದ ಚೀಲ, ಎರಡು ವೈರು. ಅದರ ಹೆಸರು ಸ್ಕ್ವಿಬ್. ಇಪ್ಪತ್ತಾರು ವರ್ಷ ಅದನ್ನು ಕಟ್ಟಿದವರು ಗೋವಿಂದರಾಜನಗರದ ದೇವೇಂದ್ರಪ್ಪ. ತೆರೆಯ ಮೇಲೆ ಅವರ ಹೆಸರು ಒಮ್ಮೆಯೂ ಬಂದಿಲ್ಲ. ನಾಯಕನ ನಾಯಿ ನೋಡಿಕೊಂಡವನ ಹೆಸರು ಬಂದಿದೆ!

ಮಗಳು ಕವನಾ ಒಮ್ಮೆ ಫೋನಿನಲ್ಲಿ ಆ ಪದದ ಮೂಲ ಹುಡುಕಿದಳು.

“ಅಪ್ಪ, ಐನೂರು ವರ್ಷದ ಹಿಂದಿನ ಇಂಗ್ಲಿಷ್ ಪದ ಅಂತೆ. ಸುರ್ ಅಂದು ಢಂ ಅನ್ನೋ ಸಣ್ಣ ಪಟಾಕಿ. ಎಲ್ಲಿಂದ ಬಂತೋ ಸರಿಯಾಗಿ ಗೊತ್ತಿಲ್ವಂತೆ. ಸದ್ದು ಕೇಳಿ ಹೆಸರಿಟ್ಟಿರಬಹುದು ಅಂತಾರೆ.”

“ಸರಿ ಬಿಡಮ್ಮ. ಸದ್ದಿಗೆ ಹೆಸರಿಟ್ರು, ಹಚ್ಚೋನಿಗೆ ಇಡಲಿಲ್ಲ.”

ದೇವೇಂದ್ರಪ್ಪನವರದ್ದು ಒಂದೇ ಪದ್ಧತಿ. ಹೊಸ ಸರಕು ಬಂದರೆ ಮೊದಲ ಸ್ಕ್ವಿಬ್ಬನ್ನು ಬೂದುಗುಂಬಳಕ್ಕೆ ಕಟ್ಟಿ ಸಿಡಿಸುವುದು. ಸಿಪ್ಪೆ ಮಾತ್ರ ಸೀಳಿದರೆ ನಟನಿಗೆ ಕಟ್ಟಬಹುದು. ತಿರುಳಿಗಿಳಿದರೆ ಸರಕೆಲ್ಲ ನೀರಿನ ಬಕೆಟ್ಟಿಗೆ.

ಕಳೆದ ಫೆಬ್ರವರಿಯಲ್ಲಿ ನಂದಿನಿ ಲೇಔಟ್ ಹತ್ತಿರದ ಶೆಡ್ಡಿನಲ್ಲಿ ಶೂಟಿಂಗ್. ಸರಕು ಹೊಸದು. ಮ್ಯಾನೇಜರ್ ಸಂಪತ್‌ಗೆ ದೇವೇಂದ್ರಪ್ಪ ಹೇಳಿದರು, “ಒಂದು ಕುಂಬಳಕಾಯಿ ತರ್ಸಪ್ಪ.”

“ದೇವಣ್ಣ, ಇದ್ದಿದ್ದನ್ನ ಬೆಳಿಗ್ಗೇನೇ ದೃಷ್ಟಿಗೆ ಒಡೆದಾಯ್ತಲ್ಲ! ಹೀರೋ ನಾಲ್ಕಕ್ಕೆ ಹೊರಡ್ತಾರೆ. ಇನ್ನೊಂದು ಯಾಕೆ, ಮಜ್ಜಿಗೆಹುಳಿಗಾ?”

ಎಲ್ಲರೂ ನಕ್ಕರು.

“ಸಿಡಿಸಿ ನೋಡ್ದೇ ನಾನು ಯಾರ ಎದೆಗೂ ಕಟ್ಟಲ್ಲ.”

“ಹಂಗಾದ್ರೆ ನಿಮ್ಮ ಕೈಗೇ ಕಟ್ಕೊಂಡು ನೋಡಿ, ಗುರುಗಳೇ.”

ಅವರು ಎಡಗೈಗೆ ಕಟ್ಟಿಕೊಂಡು ಸಿಡಿಸಿಯೇ ಬಿಟ್ಟರು. ಸರಕು ಬೇಕಾದ್ದಕ್ಕಿಂತ ಜೋರಿತ್ತು. ಎರಡು ಬೆರಳು ಹೋದವು. ನಾಯಕರು ನಾಲ್ಕಕ್ಕೇ ಹೊರಟರು, ಎದೆಗೆ ಒಂದು ಗೀರೂ ಇಲ್ಲದೆ.

ಒಂದು ಕುಂಬಳಕಾಯಿ, ಸ್ವಾಮಿ! ಆಯುಧಪೂಜೆಗೆ ರಸ್ತೆ ತುಂಬ ಒಡೆದು ಬೈಕಿನವರನ್ನು ಜಾರಿಸಿ ಬೀಳಿಸುತ್ತೇವಲ್ಲ, ಅದೇ. ಕಾರಿನ ಚಕ್ರಕ್ಕೆ ಉಂಟು, ಕಾರ್ಮಿಕನ ಕೈಗಿಲ್ಲ.

ಹದಿನೈದು ದಿನದ ಮೇಲೆ ಸಂಪತ್ ಪರಿಹಾರದ ಫಾರಂ ಹಿಡಿದು ಮನೆಗೆ ಬಂದ. ಕೆಲಸ: ಸಹಾಯಕ. ಅಪಘಾತದ ಕಾರಣ: ಸ್ವಂತ ಅಜಾಗರೂಕತೆ. ಆ ಮಾತಿನ ಕೆಳಗೆ ಸಹಿ ಬಿದ್ದರೆ ಪರಿಹಾರದ ಆಸೆ ಬಿಡಬೇಕು. ಮುಂದೆ ಯಾರೂ ಮದ್ದಿನ ಹತ್ತಿರಕ್ಕೂ ಕರೆಯುವುದಿಲ್ಲ.

“ಬರೀ ಫಾರ್ಮಾಲಿಟಿ, ದೇವಣ್ಣ.”

“ಫಾರ್ಮಾಲಿಟಿ ಆದ್ರೆ ನೀವೇ ಸೈನ್ ಹಾಕಿ ಅಂಕಲ್,” ಎಂದಳು ಕವನಾ.

ದೇವೇಂದ್ರಪ್ಪ ಬ್ಯಾಂಡೇಜಿನ ಕೈಯಿಂದ ಕಾಗದ ಒತ್ತಿ ಹಿಡಿದರು. ‘ಸಹಾಯಕ’ ಹೊಡೆದುಹಾಕಿ ‘ಸ್ಕ್ವಿಬ್ ಕಟ್ಟುವವನು’ ಎಂದು ಬರೆದರು.

“ಆಫೀಸಲ್ಲಿ ಈ ಪದ ಯಾರಿಗೂ ಗೊತ್ತಿಲ್ಲ, ದೇವಣ್ಣ.”

“ಐನೂರು ವರ್ಷದಿಂದ ಇದೆಯಂತೆ. ನಿಘಂಟು ನೋಡಕ್ಕೆ ಹೇಳು.”

ಕಾರಣದ ಸಾಲನ್ನೂ ಹೊಡೆದುಹಾಕಿದರು. ಮೇಲೆ ದಪ್ಪಗೆ ಬರೆದರು: ಕುಂಬಳಕಾಯಿ ಕೇಳಿದೆ. ಕೊಡಲಿಲ್ಲ. ಅದರ ಕೆಳಗೆ ಸಹಿ ಹಾಕಿದರು.

“ಇದು ಪಾಸ್ ಆಗಲ್ಲ,” ಎಂದ ಸಂಪತ್.

“ಆಗ್ದಿದ್ರೆ ಬೇಡ. ಇಪ್ಪತ್ತಾರು ವರ್ಷದಲ್ಲಿ ಒಬ್ಬನ ಎದೇನೂ ಸುಟ್ಟಿಲ್ಲ ನಾನು. ನಾನು ಅಜಾಗರೂಕ ಅಂತ ನಾನೇ ಬರ್ಕೊಡಲ್ಲ. ತಗೊಂಡ್ಹೋಗು.”