ಕಾರ್ಡು ಅವನ ಕಿಸೆಯಲ್ಲಿದ್ದಷ್ಟು ಹೊತ್ತು

ಪ್ಲಾಸ್ಟಿಕ್ ಕವಚದ ಎಡಮೂಲೆಯಲ್ಲಿ ಹೆಬ್ಬೆರಳಿನಷ್ಟು ಹಳದಿ ಕಲೆ. ಮೊನ್ನೆ ಮೇಜಿನ ಖಾನೆ ಚೊಕ್ಕ ಮಾಡುವಾಗ ಸಿಕ್ಕಿತು, ನನ್ನ ಒಮಾನಿನ ರೆಸಿಡೆಂಟ್ ಕಾರ್ಡಿನ ಹಳೆಯ ಕವಚ. ಮೂಸಿ ನೋಡಿದೆ. ಮಿರ್ಚಿಭಜಿಯ ವಾಸನೆ ಐದು ವರ್ಷ ಉಳಿಯುವುದಿಲ್ಲವೆಂದು ನನಗೂ ಗೊತ್ತು, ಓದಿದವರೂ ಮೂಸುತ್ತಾರೆ.

ಆಗ ನಾವು ಒಮಾನಿನ ಅಲ್ ಖೌದ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಒಂದು ಶುಕ್ರವಾರ ಮಧ್ಯಾಹ್ನ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು, ಏಳು ಜನ. ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ ಎಂದರು. ಎಲ್ಲಿ, ನೀವೇ ಹೇಳಿ?

"ಕೆಳಗ ಕಾರಿನ್ಯಾಗ ಕುಂಡ್ರಲಿ, ಎಸಿ ಐತಿ," ಎಂದರು ಅಪ್ಪ. ಅವ್ವ ಭಜಿಯ ತಟ್ಟೆಯನ್ನೂ ಕೈಗಿತ್ತಳು.

ಕಾರಿನಲ್ಲಿ ಹುಡುಗ ಎರಡನೇ ಭಜಿ ಮುಗಿಸುವ ಹೊತ್ತಿಗೆ ಪೊಲೀಸ್ ಕಾರೊಂದು ನಮ್ಮ ಹಿಂದೆ ಅಡ್ಡ ನಿಂತಿತು. ಪೊಲೀಸಿನವನು ಕಿಟಕಿಗೆ ಬಾಗಿ ಸಲಾಂ ಹೇಳಿ, ಹಿಂದಿಯಲ್ಲಿ ಕ್ಷೇಮ ಕೇಳಿದ. ಅಲ್ಲಿಯವರೆಗೆ ಅದು ಬರೀ ಮಾತು. ಎದ್ದು ಮೇಲೆ ಹೋಗಬಹುದಿತ್ತು. ಆಮೇಲೆ ಇಬ್ಬರ ಕಾರ್ಡನ್ನೂ ಕೇಳಿ ಪಡೆದು ಕಿಸೆಗೆ ಹಾಕಿಕೊಂಡ. ಗದರಲಿಲ್ಲ, ಕೂತಿರಿ ಎನ್ನಲೂ ಇಲ್ಲ. ಆದರೂ ನನ್ನ ಕೈ ಬಾಗಿಲ ಹಿಡಿಯಿಂದ ತಾನಾಗಿ ಕೆಳಗಿಳಿಯಿತು. ಸೆರೆ ಇಷ್ಟು ಮೆತ್ತಗೆ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

"ಇವಳು ಯಾರು?" ಎಂದು ಹುಡುಗನನ್ನು ಕೇಳಿದ. ಮದುವೆಯಾಗದ ಗಂಡು ಹೆಣ್ಣು ಹೀಗೆ ಕಾರಿನಲ್ಲಿ ಕೂತರೆ ಅಲ್ಲಿ ಸಂಶಯದಿಂದ ನೋಡುತ್ತಾರೆ.

"ವೈಫ್, ಸರ್! ಮೈ ವೈಫ್!"

ಪೊಲೀಸಿನವನು ನನ್ನತ್ತ ತಿರುಗಿದ.

"ಅಲ್ಲ," ಎಂದೆ. "ಇನ್ನೂ ಏನೂ ನಿಶ್ಚಯವಾಗಿಲ್ಲ. ಅಪ್ಪ ಮೇಲಿದ್ದಾರೆ."

ಬಾಲ್ಕನಿಯಿಂದ ಕಂಡಿರಬೇಕು, ಅಪ್ಪ ಬರಿಗಾಲಲ್ಲೇ ಓಡಿ ಬಂದರು. "ಸಾಬ್, ಲಡಕಾ ಲಡಕೀ ಕೋ ದೇಖನೇ ಆಯಾ! ಪೂರಾ ಫ್ಯಾಮಿಲಿ ಊಪರ್ ಹೈ!"

ಅವನು ತಲೆಯೆತ್ತಿದ. ಬಾಲ್ಕನಿಯ ತುಂಬ ತಲೆಗಳು. ನಡುವೆ ಅವ್ವ, ಕೈಯಲ್ಲಿ ಭಜಿ ಕರಿಯುವ ಝಾರಿ. ಅವನು ತಟ್ಟೆ ನೋಡಿದ, ನಕ್ಕ. "ಖಲಾಸ್. ಯಲ್ಲಾ, ಊಪರ್ ಜಾವ್," ಎಂದು, ಮುಗಿಯಿತು ಹೊರಡಿ ಎನ್ನುವಂತೆ ಕೈಬೀಸಿ ಕಾರ್ಡು ಮರಳಿಸಿದ. ಎಣ್ಣೆಗೈಯಲ್ಲೇ ತೆಗೆದುಕೊಂಡೆ.

ಮೇಲೆ ನಗುವೋ ನಗು. "ಪೊಲೀಸ್ರ ಮುಂದನ ಹೇಣ್ತಿ ಅಂದಾನ. ಇನ್ನೇನ್ರೀ, ನಿಶ್ಚಯ ಆದಂಗ ಆತು!" ಎಂದರು ಆತನ ತಾಯಿ. ಎಲ್ಲರೂ ಹೌದೆಂದರು. ಕಾರ್ಡು ನನ್ನ ಮುಷ್ಟಿಯಲ್ಲೇ ಇತ್ತು. ಆದರೂ ಇನ್ನೂ ಯಾರದೋ ಕಿಸೆಯಲ್ಲಿದೆ ಅನಿಸಿತು.

ಮೊನ್ನೆ ಸಿಕ್ಕ ಕವಚವನ್ನು ಎಸೆಯಲಿಲ್ಲ, ಖಾನೆಯಲ್ಲೇ ಇಟ್ಟೆ. ಅದನ್ನು ಕಂಡರೆ ಈಗ ಆ ಪೊಲೀಸಿನವನು ನೆನಪಾಗುವುದಿಲ್ಲ, ಮರುದಿನದ ಬೆಳಗು ನೆನಪಾಗುತ್ತದೆ.

ಅಪ್ಪ ಚಹಾ ಕುಡಿಯುತ್ತಿದ್ದರು. ಎದುರಿಗೆ ಕೂತೆ. "ಅಪ್ಪಾ, ನಾ ಇನ್ನಾ ಹೂಂ ಅಂದಿದ್ದಿಲ್ಲ."

ಅವರು ಎರಡು ಗುಟುಕು ಕುಡಿದು, ಫೋನನ್ನು ನನ್ನತ್ತ ಸರಿಸಿದರು. "ಹಂಗಾರ ಅವರಿಗೆ ನೀನ ಹೇಳವ್ವಾ."

ಒಲ್ಲೆನೆಂದು ನಾನೇ ಹೇಳಿದೆ.